ತಪ್ಪು ಇಸವಿ

ಗುರುವಾರ ಸಂಜೆ ಆರಕ್ಕೆ, ಬೇಕರಿಯ ಮೇಲಿನ ಕೋಣೆ.
ಕುರ್ಚಿ ಎಂಟು, ಜನ ಮೂರು:
ನಾನು, ಹಲ್ಲಿನ ಡಾಕ್ಟರು ಲಾಮ್ಜಿರಾ,
ಮತ್ತೆ ಓತಿಯಾ. ಅವನು ಬರೆಯುವುದಿಲ್ಲ.
ಒಲೆಗೆ ಸೌದೆ ಒಟ್ಟಿ, ಕಿಟಕಿಗೆ ಬೆನ್ನು ಕೊಟ್ಟು
ಸುಮ್ಮನೆ ಕೇಳುತ್ತಾನೆ, ಹತ್ತು ವರ್ಷದಿಂದ.

ಕೆಳಗಿನ ಗಿಣ್ಣಿನ ರೊಟ್ಟಿಯ ಕಾವು
ಹಲಗೆ ಸಂದಿಯಲ್ಲಿ ಏರಿ ಬರುತ್ತದೆ.
ಅದು ಒಂದು ವಾರವೂ ತಪ್ಪಿಸಿಲ್ಲ.

ಜಾರ್ಜಿಯಾದ ಈ ಮ್ಯಾಂಗನೀಸ್ ಊರಿನಲ್ಲಿ
ಎಲ್ಲರ ಉಗುರಿನಲ್ಲೂ ಕಪ್ಪು ಇದೆ,
ಶಾಯಿಯದ್ದಲ್ಲ.
ಚೀಟಿ ಬರೆದು ಅಂಟಿಸಿದೆ:
'ಬರೆಯುವವರಿಗೆಲ್ಲ ಸ್ವಾಗತ. ಶುಲ್ಕವಿಲ್ಲ.'
ಔಷಧಿ ಅಂಗಡಿಯ ಗಾಜಿಗೆ, ಗಣಿಯ ಗೇಟಿಗೆ,
ಕಣಿವೆಯ ಮೇಲೆ ತಂತಿಗೆ ಜೋತು ಸಾಗುವ
ಕಬ್ಬಿಣದ ಡಬ್ಬಿಯ ಒಳಗೋಡೆಗೆ.
ಮಳೆ ಎರಡನ್ನು ಕುಡಿಯಿತು, ಆಡು ಒಂದನ್ನು ತಿಂದಿತು.
'ನಮ್ಮ ಬರವಣಿಗೆ ಊರಲ್ಲಿ ಒಬ್ಬರಿಗಾದರೂ ಅರಗಿತಲ್ಲ'
ಅಂದಳು ಲಾಮ್ಜಿರಾ.

ಬಂದವರೂ ಇದ್ದರು, ಇಲ್ಲವೆನ್ನಲಾರೆ.
ಹೆಂಡತಿ ತೀರಿಕೊಂಡ ಪೋಸ್ಟ್ ಮಾಸ್ತರ
ಮೂರು ವಾರ ಬಂದ, ನಾಲ್ಕನೆಯ ವಾರ ಓದಿದ.
ಚೆನ್ನಾಗಿದೆ ಅಂದೆವು. ಐದನೆಯ ವಾರ ಇಲ್ಲ.
ಸಂತೆಯಲ್ಲಿ ಸಿಕ್ಕಾಗ ಕೇಳಿದೆ.
'ಚೆನ್ನಾಗಿದೆ ಅಂದಿರಿ, ಅಷ್ಟೇ.
ಹೆಣದ ಮುಂದೆಯೂ ಅದನ್ನೇ ಹೇಳುತ್ತೀರಿ.'
ಆಮೇಲೆ ಒಬ್ಬ ಹುಡುಗಿ, ಕೈ ನಡುಗಿಸುತ್ತ
ಅರ್ಧ ಪುಟ ಓದಿ ಕ್ಷಮಿಸಿ ಅಂದಳು.
ನಾವು ಅವಳಿಗೆ ಕೇಕು ಕೊಟ್ಟೆವು,
ಒಂದು ಪ್ರಶ್ನೆ ಕೊಡಲಿಲ್ಲ.

ಮದುವೆಗೆ ಕರೆದ ಹಾಗೆ ಕರೆಯುತ್ತಿದ್ದೆ ನಾನು,
ನಗುತ್ತ, ಅಕ್ಷತೆ ಹಿಡಿದವಳ ಹಾಗೆ.
ಜಗಳಕ್ಕೆ ಕರೆದಿದ್ದರೆ
ಚಪ್ಪಲಿ ಮೆಟ್ಟುವ ಮೊದಲೇ ಓಡಿ ಬರುತ್ತಿದ್ದರು!

ಅದು ತಿಳಿದದ್ದು ಜನವರಿಯಲ್ಲಿ.
ಚೀಟಿಯಲ್ಲಿ ಜಾಗ ಉಳಿದಿತ್ತು, ಇಷ್ಟು ಸೇರಿಸಿದೆ:
'ಎಪ್ಪತ್ತೆಂಟರ ಚಳಿಗಾಲ, ಡಬ್ಬಿ ನಡುಗಣಿವೆಯಲ್ಲಿ ನಿಂತಾಗ
ಆರು ಜನ ಹನ್ನೊಂದು ಗಂಟೆ ಹಾಡುತ್ತ ಕೂತರು.
ಆ ಕತೆ, ಈ ಗುರುವಾರ.'

ಮೊದಲು ಬಂದವಳು ತ್ಸಿಯುರಿ,
ಹಳೆಯ ಟೆಲಿಫೋನ್ ಆಪರೇಟರ್, ಬೂಟಿನ ಹಿಮ ಕೊಡವದೆ.
'ಎಪ್ಪತ್ತೆಂಟಂತೆ! ಎಪ್ಪತ್ತೊಂಬತ್ತು.
ಆರಂತೆ! ಲಾಲಿಯ ಹೊಟ್ಟೆಯಲ್ಲಿದ್ದದ್ದು ಲೆಕ್ಕಕ್ಕಿಲ್ಲವೇ?
ಹಾಡಿದರಂತೆ! ಮುರ್ತಾಜ್ ಅಳುತ್ತಿದ್ದ,
ತಂತಿಯಲ್ಲಿ ನಾನೇ ಕೇಳಿದೆ.'

ಅಷ್ಟರಲ್ಲಿ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು, ಮುರ್ತಾಜನೇ.
'ಅಳಲಿಲ್ಲ ನಾನು. ಗಾಳಿ ಅದು.'
ಅವನ ಬೆನ್ನಿಗೇ ಬಾದ್ರಿ, ಬಸ್ಸಿನ ಡ್ರೈವರು,
ಲಾಲಿಯ ಹೊಟ್ಟೆಯಲ್ಲಿದ್ದವನು, ಈಗ ಅರ್ಧ ತಲೆ ಬೋಳು.
'ನನಗೇನೂ ನೆನಪಿಲ್ಲ,' ಅಂದ,
'ಆದರೆ ಎತ್ತರ ಕಂಡರೆ ಇವತ್ತಿಗೂ ಆಗುವುದಿಲ್ಲ.'
ಪೋಸ್ಟ್ ಮಾಸ್ತರನೂ ಬಂದ, ಮುಖ ಗಂಟಿಕ್ಕಿ,
ಕಾಗುಣಿತ ಎರಡು ಕಡೆ ತಪ್ಪಿದೆ ಎನ್ನಲು.

ಎಂಟು ಕುರ್ಚಿ ಸಾಲಲಿಲ್ಲ.
ಓತಿಯಾ ಕೆಳಗಿಂದ ಹಿಟ್ಟಿನ ಪೆಟ್ಟಿಗೆ ಹೊತ್ತು ತಂದ.
ಎಲ್ಲರೂ ಒಟ್ಟಿಗೇ ಬಾಯಿ ತೆರೆದಾಗ
ನಾನು ಪೆನ್ಸಿಲು ಹಂಚಿದೆ.
'ಹೇಳಬೇಡಿ, ಬರೆಯಿರಿ. ಒಬ್ಬೊಬ್ಬರದೂ ಬೇರೆ ಬೇರೆ ಬರಲಿ.
ಆಮೇಲೆ ಹೊಡೆದಾಡೋಣ.'
ಮುರ್ತಾಜ್ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒತ್ತಿದ,
ಸ್ಕೂಲು ಬಿಟ್ಟಂದಿನ ಅಭ್ಯಾಸ.

ಬೇಕೆಂದೇ ತಪ್ಪು ಬರೆದೆಯಾ, ಲಾಮ್ಜಿರಾ ಪಿಸುಗುಟ್ಟಿದಳು.
ಇಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು.

ಆಗ ಕಿಟಕಿಯ ಕಡೆಯಿಂದ
ಹತ್ತು ವರ್ಷದ ಮೌನ ಕೆಮ್ಮಿತು.
'ಎಪ್ಪತ್ತೆಂಟೇ ಸರಿ,' ಅಂದ ಓತಿಯಾ.
'ಜನವರಿ ಒಂಬತ್ತು.
ಅವತ್ತು ಗಾಲಿಗೆ ಎಣ್ಣೆ ಹಾಕಬೇಕಿದ್ದವನು ನಾನು.'

ಒಲೆಯಲ್ಲಿ ಏನೋ ಕುಸಿಯಿತು.
ತ್ಸಿಯುರಿ ಬರೆದ ಇಸವಿಯನ್ನು ಹೊಡೆದು ಹಾಕಲಿಲ್ಲ.
ಸೌದೆ ಮುಗಿದಿದೆ ಎಂದು ಅವನು ಕೆಳಗಿಳಿದ.
ಮುಗಿದಿರಲಿಲ್ಲ.

ಒಂಬತ್ತು ಪೆನ್ಸಿಲು ಗಾಳಿಯಲ್ಲೇ ನಿಂತಿವೆ.
ಮೆಟ್ಟಿಲು ಹದಿನಾಲ್ಕು.
ಬೇಕರಿಯವನ ಜೊತೆ ಏನೋ ಮಾತು ಕೇಳಿಸುತ್ತಿದೆ.
ಈಗ ಮೊದಲ ಮೆಟ್ಟಿಲು, ನಿಧಾನ,
ಹೊರೆ ಬದಲಾಯಿಸಿಕೊಳ್ಳುತ್ತಾನೆ,
ಎರಡನೆಯದು.